ಚಪ್ಪಲಿ ಬಿಡುವ ಜಾಗ

ಹೆರಾತ್
ಮೀಜಾನ್ ತಿಂಗಳು 8, ದ್ರಾಕ್ಷಿ ಮುಗಿಯುತ್ತಿರುವ ಕಾಲ

ವಸೀಮಾ ಜಾನ್,

ಚೆನ್ನಾಗಿದ್ದೇನೆ ಎಂದು ಮೊದಲು ಬರೆಯುವುದು ಪದ್ಧತಿ, ಬರೆದೆ. ಈಗ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಬೈದರೆ ನೀನು "ಅಕ್ಕಾ, ಲೈನ್ ಸರಿ ಇಲ್ಲ" ಎಂದು ಕಟ್ ಮಾಡುತ್ತೀಯ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ನಾಲ್ಕನೆಯ ತರಗತಿಗೆ ನಿಂತುಹೋದ ಅಕ್ಷರ ನನ್ನದು, ಕಣ್ಣು ಕಿರಿದು ಮಾಡಿಕೊಂಡು ಓದು. ಮಶಹದ್ ಬಸ್ಸಿನವನು ಗಡಿ ದಾಟಿಸಿ ಅಲ್ಲಿಂದ ಅಂಚೆಗೆ ಹಾಕುತ್ತೇನೆ ಎಂದಿದ್ದಾನೆ.

ಮೊನ್ನೆ ಮಂಗಳವಾರ ಏನಾಯಿತು ಗೊತ್ತೇ? ನಿನಗೆ ಹೇಗೆ ಗೊತ್ತಿರುತ್ತದೆ, ನೀನು ಫೋನಿನೊಳಗೆ ಆ ಫಿಯೋನಾಳ ಪಕ್ಕ ಕೂತು ಕೂದಲು ಸರಿಮಾಡಿಕೊಳ್ಳುತ್ತಿದ್ದೆ. ಹರಕೆಯ ಆಶ್ ಗಂಜಿ ಬೆಂದಿತ್ತು. ಊಟದ ಬಟ್ಟೆ, ದಸ್ತರಖಾನ್, ಹಾಸಿ ಆಗಿತ್ತು. ಹೆಂಗಸರ ಹರಕೆ ಕಾಯುವ ಮಂಗಳವಾರದ ಬೀಬಿಯ ಕಥೆ ಶುರು ಮಾಡಿದ್ದೆ. ತಬ್ಬಲಿ ಹುಡುಗಿ ಹಸುವಿನ ಹಿಂದೆ ಕಾಡಿಗೆ ಹೋಗುವ ಕಡೆ ಬಂದಿದ್ದೆ, ಅಷ್ಟರಲ್ಲಿ ನಮ್ಮ ನೀಲಾಬ್, ನಾನು ಸಾಕಿದ ನನ್ನ ತಮ್ಮನ ಮಗಳು, ಬಾಯಿ ತೆಗೆದಳು:

"ಅತ್ತೆ, ಸ್ವಲ್ಪ ಬೇಗ ಮುಗ್ಸಿ. ಫಿಯೋನಾ ಕಾಯ್ತಿದಾರೆ."

ಉಳಿದ ಹುಡುಗಿಯರು ತಲೆ ತಗ್ಗಿಸಿ ನಕ್ಕರು. ನಾನು ನೋಡಿದೆ.

ನನ್ನ ಅಜ್ಜಿ ಹೇಳಿದ ಕಥೆ, ನನ್ನ ತಾಯಿ ಹೇಳಿದ ಕಥೆ. ಅದನ್ನು ಅವಸರ ಮಾಡಿದವರು ಈ ಮನೆಯಲ್ಲಿ ಇದುವರೆಗೂ ಇರಲಿಲ್ಲ. ದಾದಿಯರ ಶಾಲೆಗೆ ಬೀಗ ಬಿದ್ದಾಗ ಅಳುತ್ತಾ ಫೋನ್ ಮಾಡಿದವಳು ನೀನು. "ಅಕ್ಕಾ, ಹುಡ್ಗೀರು ಒಂದ್ಕಡೆ ಕೂತು ಹೆರಿಗೆ ಪಾಠ ಕಲಿಯೋಕೆ ಜಾಗ ಬೇಕು, ಇಲ್ಲಾಂದ್ರೆ ಈ ಊರಲ್ಲಿ ಹೆರುವವರ ಕೈ ಹಿಡಿಯೋಕೆ ಯಾರೂ ಇರಲ್ಲ" ಎಂದೆ. ನಾನು ನನ್ನ ಮಂಗಳವಾರವನ್ನೇ ಕೊಟ್ಟೆ. ಬೀಬಿಯ ಆಶ್ ಬೇಯುವ ಮನೆಗೆ ಗಂಡಸು ಕಾಲಿಡುವುದಿಲ್ಲ, ಗಂಡಸಿನ ಕಣ್ಣು ಆ ಪಾತ್ರೆಯ ಮೇಲೆ ಬೀಳಬಾರದು. ಹೋದ ತಿಂಗಳು ತನಿಖೆಯವರು ಬಂದು ಬಾಗಿಲು ಬಡಿದಾಗ ನಾನೇ ಹೋಗಿದ್ದೆ.

"ಒಳಗೇನು ನಡೀತಿದೆ?"

"ಬೀಬಿಯ ಆಶ್. ಇಣುಕಿ ನೋಡಪ್ಪ, ಕಣ್ಣು ಹೋದ್ರೆ ನನ್ನ ಕೇಳ್ಬೇಡ."

ಗಡ್ಡದವನು ಒಂದು ಹೆಜ್ಜೆ ಹಿಂದೆ ಹೋದ. "ಇದೆಲ್ಲ ಮೂಢನಂಬಿಕೆ" ಎಂದ. ಹೊಸಿಲು ಮಾತ್ರ ದಾಟಲಿಲ್ಲ. ಅವನಮ್ಮನೂ ಬೇಯಿಸಿರುತ್ತಾಳೆ.

ಅಂದರೆ ನಿನ್ನ ಪಾಠ ನಿಂತಿರುವುದು ನನ್ನ ಪಾತ್ರೆಯ ಮೇಲೆ. ಇದನ್ನು ಆ ಫಿಯೋನಾಳಿಗೆ ಹೇಳಿದ್ದೀಯಾ?

ಇನ್ನೊಂದು. ನೀನು ಮಾತೆತ್ತಿದರೆ ಅಡಿಲೇಡಿನ ಅಕ್ಕತಂಗಿಯರು, ಹ್ಯಾಂಬರ್ಗಿನ ಅಕ್ಕತಂಗಿಯರು, ಟೊರಾಂಟೊ ಅಕ್ಕತಂಗಿಯರು ಎನ್ನುತ್ತೀಯ. ಪಕ್ಕದ ಮನೆಗೆ ಸೊಸೆಯಾಗಿ ಬಂದು, ಅತ್ತೆಯ ಕಾಟಕ್ಕೆ ನನ್ನ ಅಡುಗೆಮನೆಯಲ್ಲಿ ಅಡಗಿ ಕೂತ ಹುಡುಗಿಗೆ ಒಬ್ಬಳೇ ಅಕ್ಕ ಇದ್ದಳು. ಬೀಬಿಯ ಮುಂದೆ ಅಕ್ಕತಂಗಿಯರೆಂದು ಆಣೆಯಿಟ್ಟು ಓಢಣಿ ಬದಲಿಸಿಕೊಂಡೆವು. ನಾನು ಕೊಟ್ಟದ್ದು ಹಸಿರು ರೇಷ್ಮೆ. ನೀನು ಕೊಟ್ಟದ್ದು ಅಂಚು ಹರಿದ ಬಿಳಿಯದು, ಆದರೂ ನಾನು ಏನೂ ಅನ್ನಲಿಲ್ಲ. ಈಗ ಕೇಳುತ್ತೇನೆ: ಅವರೆಲ್ಲರ ಜೊತೆಗೂ ಓಢಣಿ ಬದಲಿಸಿದೆಯಾ?

ಕೋಪದಲ್ಲಿಯೇ,
ತಾಜ್‌ಬೀಬಿ

*

ಅಡಿಲೇಡ್
ಅಕ್ಟೋಬರ್ 28

ಪ್ರೀತಿಯ ಅಕ್ಕಾ,

ನಿಮ್ಮ ಕಾಗದ ಬಂತು. ನಾಲ್ಕನೆಯ ತರಗತಿಯ ಅಕ್ಷರದಲ್ಲಿ ಇಷ್ಟು ಬೈಯಬಹುದೆಂದು ನನಗೆ ತಿಳಿದಿರಲಿಲ್ಲ. ನನ್ನ ಯಜಮಾನ ನಸೀರ್‌ಗೂ ಓದಿ ಹೇಳಿದೆ. "ನಿನ್ನಕ್ಕ ನನ್ನ ಬಗ್ಗೆ ಏನೂ ಬರೀಲಿಲ್ಲವಾ, ಬದುಕಿದೆ" ಅಂದರು.

ಅಕ್ಕಾ, ಓಢಣಿ ಒಂದೇ. ಅದು ನನ್ನ ಪೆಟ್ಟಿಗೆಯಲ್ಲಿದೆ. ಈ ಅಕ್ಕತಂಗಿಯರು ಬೇರೆ. ಫಿಯೋನಾ ಇಲ್ಲಿಯ ಆಸ್ಪತ್ರೆಯಲ್ಲಿ ಸೂಲಗಿತ್ತಿ. ಇಡೀ ದಿನ ಹೆರಿಗೆ ಮಾಡಿಸಿ, ಮಂಗಳವಾರ ಸಂಜೆ ಊಟವನ್ನೂ ಮಾಡದೆ ಬಂದು ನನ್ನ ಪಕ್ಕ ಕೂರುತ್ತಾಳೆ. ಅವಳು ಹೇಳಿದ್ದನ್ನು ನಾನು ನಮ್ಮ ಭಾಷೆಗೆ ತಿರುಗಿಸುತ್ತೇನೆ, ಅಷ್ಟೇ ನನ್ನ ಕೆಲಸ. ಹ್ಯಾಂಬರ್ಗಿನ ಹೆಂಗಸರು ಕತ್ತರಿ, ದಾರ, ಕೈಗವಸು, ಸೋಪು ಸೇರಿಸಿ ಹೆರಿಗೆಯ ಗಂಟು ಕಟ್ಟಿ ಕಳಿಸುತ್ತಾರೆ. ಟೊರಾಂಟೊದವರು ಫೋನಿನ ಖರ್ಚು ನೋಡಿಕೊಳ್ಳುತ್ತಾರೆ. ಒಬ್ಬರ ಕೈಗೆ ಇನ್ನೊಬ್ಬರ ಕೈ ತಗುಲಿಸುತ್ತಾ ಹೋಗುವುದೇ ಈ ಕೆಲಸ. ಈಗ ಊರಿನ ಬೇರೆ ಓಣಿಗಳಲ್ಲೂ ಮಂಗಳವಾರದ ಪಾತ್ರೆ ಇಡಲು ಕೆಲವು ಮನೆಯವರು ಮುಂದೆ ಬಂದಿದ್ದಾರೆ. ಅವರಿಗೆ ಪಾತ್ರೆಗೆ ಮನೆಮನೆಯಿಂದ ಹಿಟ್ಟು ಬೇಡುವ ಕ್ರಮ ಗೊತ್ತು, ಕಥೆ ಪೂರ್ತಿ ಬರುವುದಿಲ್ಲ. ನೀವು ಕಥೆ ಹೇಳಿ, ನೀಲಾಬ್ ಅದನ್ನು ಫೋನಿನಲ್ಲಿ ತುಂಬಿ ಕೊಟ್ಟರೆ ಎಲ್ಲ ಮನೆಗೂ ನಿಮ್ಮ ಬಾಯಿಂದಲೇ ಹೋಗುತ್ತದೆ. ಯೋಚನೆ ಮಾಡಿ.

ನಾನು ಚೆನ್ನಾಗಿದ್ದೇನೆ. ಸ್ವಲ್ಪ ಸುಸ್ತು. ಇಲ್ಲಿಯ ಎಣ್ಣೆಯ ವಾಸನೆ ಆಗುವುದಿಲ್ಲ. ಬಸ್ಸಿನವರು ಒಪ್ಪಿದರೆ ನಿಮ್ಮ ಹಿತ್ತಲಿನ ಒಣಗಿಸಿದ ಹುಳಿ ಆಲೂಬುಖಾರಾ ಹಣ್ಣು ಒಂದು ಹಿಡಿ ಕಳಿಸುತ್ತೀರಾ? ಇಲ್ಲಿ ಸಿಗುವುದು ಬರೀ ಸಿಹಿ.

ಇನ್ನೂ ಏನೋ ಬರೆಯಬೇಕೆಂದು ಕೂತೆ. ಮುಂದಿನ ಸಲ ಬರೆಯುತ್ತೇನೆ.

ನಿಮ್ಮ ಹರಿದ ಅಂಚಿನ ತಂಗಿ,
ವಸೀಮಾ

*

ಹೆರಾತ್
ಅಕ್ರಬ್ 25, ಗಾಳಿ ತಣ್ಣಗಾಗಿದೆ

ವಸೀಮಾ ಜಾನ್,

ಆಲೂಬುಖಾರಾ ಕಳಿಸಿದ್ದೇನೆ. ಒಂದು ಹಿಡಿಯಲ್ಲ, ಒಂದು ಚೀಲ. ಆ ಫಿಯೋನಾಳಿಗೆ ಕೊಡಬೇಡ. ಕೊಟ್ಟೇ ಕೊಡುತ್ತೀಯ, ನನಗೆ ಗೊತ್ತು. ಕೊಟ್ಟರೆ ಹುಳುಕು ಇರುವುದನ್ನು ಆರಿಸಿ ಕೊಡು.

ನನ್ನ ಕಥೆಯನ್ನು ಫೋನಿನೊಳಗೆ ತುಂಬುವುದಿಲ್ಲ. ತುಂಬಿದರೆ ನನಗೆ ಅಲ್ಲಿ ಏನು ಕೆಲಸ? ಪಾತ್ರೆಯನ್ನೂ ಫೋನೇ ತೊಳೆಯಲಿ.

ಫೋನಿನಲ್ಲಿ ನಿನ್ನ ಮುಖ ತುಂಬಿಕೊಂಡಿದೆ. ದಪ್ಪಗಾಗಿದ್ದೀಯ. ಅಲ್ಲಿಯ ಬೆಣ್ಣೆ ಇರಬೇಕು. ಎಣ್ಣೆ ಆಗುವುದಿಲ್ಲ ಎನ್ನುತ್ತೀಯ, ಬೆಣ್ಣೆ ಮಾತ್ರ ಆಗುತ್ತದೆಯೋ? ಇಷ್ಟು ಸೆಕೆಯ ಊರಿನಲ್ಲಿ ಅಷ್ಟು ದೊಡ್ಡ ಶಾಲು ಯಾಕೆ ಹೊದ್ದು ಕೂರುತ್ತೀಯ? ಅದು ಜಾರಿದಾಗಲೆಲ್ಲ ಅವಳು ಎಳೆದು ಸರಿಮಾಡುತ್ತಾಳೆ. ನಿನಗೆ ಕೈ ಇಲ್ಲವೇ? ಪಾಠದ ನಡುವೆ ನಿನಗೆ ನೀರು ಕುಡಿಸಿದಳು. ಬೆನ್ನಿಗೆ ದಿಂಬು ಕೊಟ್ಟಳು. ನೀನು ಅದಕ್ಕೆ ಒರಗಿ ನಕ್ಕೆ. ಜ್ವರ ಬಂದಾಗ ನಾನು ದಿಂಬು ಕೊಟ್ಟರೆ "ಬೇಡ ಅಕ್ಕಾ, ನಾನೇನು ಮುದುಕೀನಾ" ಎಂದು ದೂಡುತ್ತಿದ್ದೆ.

ಪಾಠ ನಡೆಯುತ್ತಿದೆ. ನೀಲಾಬ್ ದಿಂಬಿನೊಳಗೆ ಕರಬೂಜ ಹೊಲಿದು ಬಸುರಿ ಹೊಟ್ಟೆ ಮಾಡಿದ್ದಾಳೆ. ಎಲ್ಲರೂ ಸರದಿಯಲ್ಲಿ ಒತ್ತಿ ಒತ್ತಿ ಮಗುವಿನ ತಲೆ ಎಲ್ಲಿದೆ ಎಂದು ಹುಡುಕುತ್ತಾರೆ. ಕರಬೂಜ ಮುಗಿಯುತ್ತಾ ಬಂತು. ಮುಂದೆ ಟರ್ನಿಪ್ ಗಡ್ಡೆಯೇ ಮಗು. ನೀಲಾಬ್ ಪುಸ್ತಕ ಬಿಟ್ಟು ಏಳುವುದಿಲ್ಲ. ಹೆಜ್ಜೆಗೊಮ್ಮೆ "ಫಿಯೋನಾ ಹೇಳಿದ್ರು". ನಿನ್ನೆ ಚಹಾಕ್ಕೆ ಸಕ್ಕರೆ ಹಾಕಿಕೊಂಡರೆ, "ಅತ್ತೆ, ಈ ವಯಸ್ಸಿಗೆ ಸಕ್ಕರೆ ಬೇಡ, ಫಿಯೋನಾ ಹೇಳಿದ್ರು."

"ನಿನ್ನ ಫಿಯೋನಾ ಬಂದು ನನ್ನ ಲೋಟ ತೊಳೀಲಿ, ಆಮೇಲೆ ಹೇಳಲಿ" ಎಂದೆ. ಎರಡು ಚಮಚ ಹೆಚ್ಚಿಗೆ ಹಾಕಿಕೊಂಡೆ. ಸಿಕ್ಕಾಪಟ್ಟೆ ಸಿಹಿಯಾಗಿತ್ತು, ಆದರೂ ಕುಡಿದೆ.

ಮುಂದಿನ ಸಲ ಬರೆಯುತ್ತೇನೆ ಎಂದದ್ದು ಏನು? ಬರೆ.

ಕಾಯುತ್ತಿರುವ,
ತಾಜ್‌ಬೀಬಿ

*

ಹೆರಾತ್
ಕವ್ಸ್ 27, ಮಂಗಳವಾರ ಕಳೆದ ಮರುದಿನ

ವಸೀಮಾ,

ಜಾನ್ ಎಂದು ಬರೆಯುವುದಿಲ್ಲ.

ಟರ್ನಿಪ್‌ನಿಂದ ಪಾಠ ಆಗುವುದಿಲ್ಲ, ತಲೆಗೂ ಬೆನ್ನಿಗೂ ವ್ಯತ್ಯಾಸ ತಿಳಿಯುವುದಿಲ್ಲ ಎಂದು ಆ ಫಿಯೋನಾ ಹೇಳಿದಳಂತೆ. ನೀನು ತಲೆಯಾಡಿಸಿದೆ. ಅವಳು ನಿನ್ನ ಶಾಲು ಸರಿಸಿದಳು. ನಿನ್ನ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟಳು. "ಇಲ್ಲಿ ಬೆನ್ನು, ಇಲ್ಲಿ ತಲೆ, ನೋಡಿ ಹೀಗೆ ಹಿಡೀಬೇಕು" ಎಂದು ನೀನೇ ನಿನ್ನ ಬಾಯಿಂದ ತಿರುಗಿಸಿ ಹೇಳಿದೆ. ಹುಡುಗಿಯರು ಫೋನಿನ ಮೇಲೆ ಬಿದ್ದರು. "ಖಾಲಾ ನೋಡಿ! ಖಾಲಾ ನೋಡಿ! ವಸೀಮಾ ಬಸುರಿ!" ಎಂದು ನನ್ನತ್ತ ಕೂಗಿದರು.

ನಾನು ಪಾತ್ರೆಯ ಹತ್ತಿರ ಸೌಟು ಹಿಡಿದು ನಿಂತಿದ್ದೆ.

ಬೇಸಿಗೆಯಿಂದ ಪ್ರತಿ ಮಂಗಳವಾರ ನೀನು ಫೋನಿನೊಳಗೆ ಬೀಬಿಯ ದಸ್ತರಖಾನಿನಲ್ಲಿ ಕೂತಿದ್ದೀಯ. ಬಸುರಿ ಅಲ್ಲಿ ಕೂರಬಾರದು, ಹೊಟ್ಟೆಯಲ್ಲಿರುವುದು ಗಂಡಾಗಿದ್ದರೆ ಗಂಡಸು ಒಳಗೆ ಬಂದ ಹಾಗೆಯೇ. ಇದು ನಿನಗೆ ಗೊತ್ತಿಲ್ಲವೇ? ನಿನ್ನ ಮೊದಲ ಬಸುರಿನಲ್ಲಿ ನಾನೇ ನಿನ್ನ ರಟ್ಟೆ ಹಿಡಿದು ಆಚೆ ಕಳಿಸಿರಲಿಲ್ಲವೇ?

ಬೀಬಿಯ ಮಾತು ಬಿಡು. ಅವಳ ಕೈ ಎಷ್ಟು ಸಲೀಸಾಗಿ ಹೋಯಿತು ನಿನ್ನ ಹೊಟ್ಟೆಯ ಮೇಲೆ! ಹುಡುಕಲಿಲ್ಲ, ತಡಕಲಿಲ್ಲ. ತನ್ನ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಗೆ ಕೈ ಹೋದ ಹಾಗೆ ಹೋಯಿತು. ತಿಂಗಳುಗಟ್ಟಲೆ ಇಟ್ಟ ಕೈ ಅದು. ನಾನು ನಿನಗೆ ಹುಳಿ ಒಣಗಿಸಿ ಕಳಿಸಿದೆ. ದಪ್ಪಗಾಗಿದ್ದೀಯ ಎಂದು ಬರೆದೆ. ನೀವಿಬ್ಬರೂ ಓದಿ ನಕ್ಕಿರಾ?

ಫೋನ್ ಕಸಿದುಕೊಂಡು ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕಿದ್ದೇನೆ. ಬೀಗದ ಕೈ ನನ್ನ ಕೊರಳಲ್ಲಿದೆ. ಮಂಗಳವಾರ ಮುಗಿಯಿತು. ಪಾಠ ಬೇಕಿದ್ದರೆ ಅವಳೇ ಆಶ್ ಬೇಯಿಸಲಿ.

ತಾಜ್‌ಬೀಬಿ

*

ಹೆರಾತ್
ಜದೀ 20, ಹಿಮ

ವಸೀಮಾ,

ಇದು ನಿನಗೆ ಬರೆದ ಕಾಗದವಲ್ಲ. ಬೇರೆ ಯಾರಿಗೂ ಬರೆಯಲು ನನಗೆ ಬರುವುದಿಲ್ಲ, ಅದಕ್ಕೆ ನಿನ್ನ ಹೆಸರು ಹಾಕಿದ್ದೇನೆ.

ಮಂಗಳವಾರ ಹುಡುಗಿಯರು ಬರುತ್ತಾರೆ. ಬೇಡ ಎಂದರೂ ಬರುತ್ತಾರೆ. ಬೇಡಿ ತಂದ ಹಿಟ್ಟಿನ ಬಟ್ಟಲುಗಳನ್ನು ಚಪ್ಪಲಿ ಬಿಡುವ ಜಾಗದಲ್ಲಿ ಸಾಲಾಗಿ ಇಟ್ಟು, ಸಲಾಂ ಹೇಳಿ ಹೋಗುತ್ತಾರೆ. ನಾನು ಆ ಹಿಟ್ಟು ಮುಟ್ಟಿಲ್ಲ. ಒಲೆಯನ್ನೂ ಹಚ್ಚಿಲ್ಲ.

ನೀಲಾಬ್ ನನ್ನ ಜೊತೆ ಮಾತಾಡುವುದನ್ನು ಬಿಟ್ಟಿದ್ದಳು. ನಿನ್ನೆ ಬಿಟ್ಟ ಮಾತನ್ನೆಲ್ಲ ಒಟ್ಟಿಗೆ ಆಡಿದಳು.

"ಅತ್ತೆ, ನಮ್ಮ ಪಾಠದ ಪರೀಕ್ಷೆ ಚಳಿಗಾಲ ಮುಗಿಯೋ ಹೂತ್ ತಿಂಗಳಲ್ಲಿ. ಈಗ ಪಾಠ ನಿಂತ್ರೆ ಮತ್ತೆ ನಮ್ಗೆ ಯಾರೂ ಕಲಿಸಲ್ಲ. ನೀವು ಬೀಬಿಯ ಹೆಸರು ಹೇಳ್ತಿದೀರ ಅಷ್ಟೆ."

"ಮತ್ತೆ ಯಾರ ಹೆಸರು ಹೇಳ್ಲಿ?"

"ನಿಮ್ಮದೇ ಹೇಳಿ. ಇದು ಹೊಟ್ಟೆಕಿಚ್ಚು."

ಕೈಯಲ್ಲಿದ್ದ ಸೌಟು ಎಸೆದೆ. ಗೋಡೆಗೆ ಬಡಿಯಿತು. ಅವಳು ಹೋಗಿ ಎತ್ತಿ, ಒರೆಸಿ, ಮತ್ತೆ ನನ್ನ ಕೈಗೇ ಕೊಟ್ಟಳು. "ಇನ್ನೊಂದ್ಸಲ ಎಸೀರಿ. ಆಮೇಲೆ ಪೆಟ್ಟಿಗೆ ತೆಗೀರಿ" ಎಂದಳು.

ತೆಗೆಯಲಿಲ್ಲ.

ತಾಜ್‌ಬೀಬಿ

*

ಅಡಿಲೇಡ್
ಜನವರಿ 12

ಅಕ್ಕಾ,

ಜಾನ್ ಇಲ್ಲದ ನಿಮ್ಮ ಕಾಗದ ತಲುಪಿತು. ನಾವಿಬ್ಬರೂ ನಗಲಿಲ್ಲ. ದಪ್ಪಗಾಗಿದ್ದೀಯ ಎಂದು ನೀವು ಬರೆದದ್ದನ್ನು ಓದಿ ನಾನೊಬ್ಬಳೇ ಅತ್ತೆ.

ಮೊದಲ ಬಸುರಿನಲ್ಲಿ ನಿಮಗೇ ಮೊದಲು ಹೇಳಿದೆ. ಎರಡನೆಯದಕ್ಕೂ. ಆಮೇಲಿನವಕ್ಕೂ. ನೀವು ಪ್ರತಿ ಸಲ ಓಣಿಯಲ್ಲೆಲ್ಲ ಹಿಟ್ಟು ಬೇಡಿ ತಂದು ನನ್ನ ಹೆಸರಿನಲ್ಲಿ ಪಾತ್ರೆ ಇಟ್ಟಿರಿ. ಪ್ರತಿ ಸಲವೂ ಮಗು ನಿಲ್ಲಲಿಲ್ಲ. ಆಮೇಲೆ ನೀವು ನನ್ನನ್ನು ಸಮಾಧಾನ ಮಾಡಿ ಮಲಗಿಸಿ, ಹಿತ್ತಲಿಗೆ ಹೋಗಿ ಆ ಪಾತ್ರೆಯನ್ನು ಬೂದಿ ಹಾಕಿ ಉಜ್ಜುತ್ತಿದ್ದಿರಿ. ತಳ ತೂತಾಗುವ ಹಾಗೆ ಉಜ್ಜುತ್ತಿದ್ದಿರಿ. ಆ ಸದ್ದು ನನಗೆ ಕೇಳುತ್ತಿತ್ತು, ಅಕ್ಕಾ. ಇನ್ನೊಮ್ಮೆ ಆ ಸದ್ದು ಮಾಡಿಸಲು ನನ್ನಿಂದ ಆಗಲಿಲ್ಲ. ಮಗು ನಿಂತ ಮೇಲೆ ಹೇಳೋಣ ಎಂದುಕೊಂಡೆ. ನಿಂತ ಮೇಲೆ, ಇನ್ನೊಂದು ತಿಂಗಳು ಹೋಗಲಿ ಎಂದುಕೊಂಡೆ.

ಫಿಯೋನಾಳಿಗೆ ಮೊದಲು ಹೇಳಿದ್ದು ಯಾಕೆ ಗೊತ್ತೇ? ಕಳೆದುಹೋದರೆ ಅವಳು ಅಳುವುದಿಲ್ಲ ಎಂದು. ಸೂಲಗಿತ್ತಿಯ ಹತ್ತಿರ ಸುಲಭ. ನಿಮ್ಮ ಹತ್ತಿರ ಸುಲಭವಲ್ಲ.

ಬೀಬಿಯ ನಿಯಮ ನನಗೆ ಗೊತ್ತಿತ್ತು. ನಾನು ಎದ್ದುಹೋದರೆ ಫಿಯೋನಾಳ ಮಾತನ್ನು ಹುಡುಗಿಯರಿಗೆ ತಿರುಗಿಸಿ ಹೇಳುವವರು ಯಾರು? ನಾನು ಇಲ್ಲಿದ್ದೇನೆ, ಪಾತ್ರೆ ಅಲ್ಲಿದೆ, ನಡುವೆ ಸಮುದ್ರವಿದೆ, ಬೀಬಿ ಫೋನಿನೊಳಗೆ ಇಣುಕುತ್ತಾಳೆಯೇ ಎಂದು ಪ್ರತಿ ಮಂಗಳವಾರ ನನ್ನನ್ನೇ ಕೇಳಿಕೊಂಡೆ. ಭಯದಿಂದ ಶಾಲು ಹೊದ್ದು ಕೂತೆ. ಸೆಕೆಯಲ್ಲಿ ಬೆಂದುಹೋದೆ. ಗಂಡೋ ಹೆಣ್ಣೋ ಎಂದು ಇಲ್ಲಿ ಯಂತ್ರದಲ್ಲಿ ಹೇಳುತ್ತಾರೆ. ಬೇಡ ಎಂದೆ. ಹೆಣ್ಣು ಎಂದರೆ ಬೀಬಿಗೆ ಜಂಬ ತೋರಿಸಿದ ಹಾಗೆ, ಗಂಡು ಎಂದರೆ ಅಪರಾಧ ಒಪ್ಪಿಕೊಂಡ ಹಾಗೆ.

ಮಾರ್ಚ್‌ನಲ್ಲಿ, ನೌರೋಜ್ ಹಬ್ಬದ ಹೊತ್ತಿಗೆ ಹೆರಿಗೆ. ನನ್ನ ಮೇಲಿನ ಕೋಪ ನನ್ನ ಮೇಲೆಯೇ ಇರಲಿ. ಪೆಟ್ಟಿಗೆ ತೆಗೆಯಿರಿ, ಅಕ್ಕಾ. ನಾನು ಕೂರುವುದಿಲ್ಲ, ಬೇರೆ ಯಾರನ್ನಾದರೂ ಹುಡುಕುತ್ತೇವೆ. ನೀಲಾಬಳ ಕೈ ಚೆನ್ನಾಗಿದೆ ಎಂದು ಫಿಯೋನಾ ಹೇಳುತ್ತಾಳೆ. ಅದು ನಿಮ್ಮ ಕೈ, ನನಗೆ ಗೊತ್ತು.

ಜಾನ್ ಕಳೆದುಕೊಂಡ,
ವಸೀಮಾ

*

ಹೆರಾತ್
ದಲ್ವ್ 16, ಮಂಗಳವಾರ ಕಳೆದ ಮರುದಿನ

ಫಿಯೋನಾ ಎಂಬ ಹೆಂಗಸಿಗೆ,

ಇದನ್ನು ನಿನಗೆ ವಸೀಮಾಳೇ ಓದಿ ಹೇಳಬೇಕು, ಬೇರೆ ದಾರಿಯಿಲ್ಲ. ವಸೀಮಾ, ಒಂದು ಮಾತೂ ಬಿಡದೆ ಓದು. ಬೈಗುಳ ಬಂದರೆ ಅದನ್ನೂ ತಿರುಗಿಸು. ಮೆತ್ತಗೆ ಮಾಡಬೇಡ.

ಫಿಯೋನಾ, ನಾನು ನಿನ್ನನ್ನು ಇಷ್ಟಪಡುವುದಿಲ್ಲ. ಪಾಠ ಚೆನ್ನಾಗಿ ಮಾಡುತ್ತೀಯ. ಅದಕ್ಕೇ ಇನ್ನಷ್ಟು ಇಷ್ಟವಾಗುವುದಿಲ್ಲ.

ನಿನ್ನೆ ಪೆಟ್ಟಿಗೆ ತೆಗೆದು ಫೋನ್ ಹೊರಗೆ ತಂದೆ, ಬೇರೆಯವರು ಬೇಡ, ವಸೀಮಾಳೇ ಕೂರಲಿ ಎಂದೆ. ನೀವಿಬ್ಬರೂ ನನ್ನ ಮನೆಯಲ್ಲಿ ಎಲ್ಲಿಂದ ಮಾತಾಡಿದಿರಿ ಎಂದು ನಿಮಗೆ ತಿಳಿದಿರಲಿಕ್ಕಿಲ್ಲ, ನಾನು ಹೇಳಲಿಲ್ಲ. ನೀಲಾಬಳ ಅಪ್ಪ ನನ್ನ ತಾಯಿಯ ಹೊಟ್ಟೆಯಲ್ಲಿದ್ದಾಗ ನನ್ನ ಅಜ್ಜಿ ನನ್ನ ತಾಯಿಯನ್ನು ಬೀಬಿಯ ದಸ್ತರಖಾನಿನಿಂದ ಎಬ್ಬಿಸಿದಳು. ನನ್ನ ತಾಯಿ ಮನೆಗೆ ಹೋಗಲಿಲ್ಲ. ಪರದೆಯ ಆಚೆ, ಎಲ್ಲರ ಚಪ್ಪಲಿಗಳ ನಡುವೆ ಕೂತು ಇಡೀ ಕಥೆ ಕೇಳಿದಳು. ಯಾರೂ ಏನೂ ಅನ್ನಲಿಲ್ಲ. ಅಲ್ಲಿಯವರೆಗೆ ಬೀಬಿಯ ನಿಯಮ ಬರುವುದಿಲ್ಲ, ಕಥೆ ಮಾತ್ರ ಬರುತ್ತದೆ. ಇಷ್ಟು ದಿನ ಇದು ನನಗೆ ನೆನಪಾಗಲಿಲ್ಲ. ಹಿಟ್ಟಿನ ಬಟ್ಟಲು ಎತ್ತಲು ಹೋಗಿ ಬಗ್ಗಿದಾಗ ನೆನಪಾಯಿತು.

ಆದ್ದರಿಂದ ಈಗ ಫೋನ್ ಚಪ್ಪಲಿ ಬಿಡುವ ಜಾಗದಲ್ಲಿ ಗೂಟಕ್ಕೆ ಕಟ್ಟಿದೆ. ಆಶ್ ಒಳಗೆ. ನೀವಿಬ್ಬರೂ ಹೊರಗೆ. ಹುಡುಗಿಯರು ಪರದೆಯ ಅಂಚಿನಲ್ಲಿ ಕೂತು ಕಲಿಯುತ್ತಾರೆ. ನೀನು ಬಸುರಿಯಲ್ಲ, ನಿಯಮದ ಪ್ರಕಾರ ನಿನಗೆ ಒಳಗೆ ಜಾಗವಿದೆ. ಆದರೆ ಇರುವುದು ಒಂದೇ ಫೋನ್. ಅವಳ ಪಕ್ಕ ಕೂರುವ ಆಸೆ ಇದ್ದರೆ ನೀನೂ ಚಪ್ಪಲಿಗಳ ನಡುವೆಯೇ ಇರು.

ಬೇರೆ ಮನೆಗಳಿಗೆ ನನ್ನ ಕಥೆ ತುಂಬಿ ಕೊಡುತ್ತೇನೆ. ಒಂದು ಷರತ್ತು. ಅದು ಮುಗಿಯುವವರೆಗೆ ಯಾರೂ ಪಾಠ ಶುರು ಮಾಡಬಾರದು. ಹ್ಯಾಂಬರ್ಗಿನವರಿಗೂ ಹೇಳು.

ಈಗ ಮುಖ್ಯ ಮಾತು. ವಸೀಮಾ, ಗಂಟಲು ಸರಿಮಾಡಿಕೊಂಡು ಓದು.

ಫಿಯೋನಾ, ಅವಳು ನೋವಾದರೆ ನೋವಿಲ್ಲ ಎನ್ನುತ್ತಾಳೆ. ನಂಬಬೇಡ. ಎಡಗೈಯಿಂದ ಓಢಣಿಯ ತುದಿ ತಿರುಚುತ್ತಿದ್ದರೆ ನೋವಿದೆ ಎಂದು ತಿಳಿ. ಹಸಿವಾದರೂ ಕೇಳುವುದಿಲ್ಲ, ಅತ್ತೆಮನೆಯ ಅಭ್ಯಾಸ. ತಟ್ಟೆ ಮುಂದಿಟ್ಟು ನೀನು ಬೇರೆ ಕಡೆ ನೋಡಬೇಕು, ಆಗ ತಿನ್ನುತ್ತಾಳೆ. ಹೆರಿಗೆಯಾದ ಮೇಲೆ ಹಿಟ್ಟನ್ನು ತುಪ್ಪದಲ್ಲಿ ಕೆಂಪಗೆ ಹುರಿದು, ಬೆಲ್ಲ ಹಾಕಿ, ಬಿಸಿಬಿಸಿಯಾಗಿ ಕುಡಿಸು. ನಿಮ್ಮ ಆಸ್ಪತ್ರೆಯ ತಣ್ಣನೆ ನೀರು ಕೊಟ್ಟರೆ ನನಗೆ ಇಲ್ಲಿಗೆ ಗೊತ್ತಾಗುತ್ತದೆ. ನಲವತ್ತು ದಿನ ಅವಳನ್ನು ಒಬ್ಬಳನ್ನೇ ಬಿಡಬೇಡ. ಭಯವಾದಾಗ ಅವಳು ಜೋಕು ಹೇಳುತ್ತಾಳೆ. ನೀನು ನಗಬೇಡ, ಕೈ ಹಿಡಿ.

ಇದೆಲ್ಲ ನಾನು ಮಾಡಬೇಕಾದ ಕೆಲಸ. ನಿನಗೆ ಕೊಡುತ್ತಿದ್ದೇನೆ. ಸಂತೋಷದಿಂದ ಕೊಟ್ಟೆ ಎಂದು ತಿಳಿಯಬೇಡ.

ಚೀಲದಲ್ಲಿ ಅಂಚು ಹರಿದ ಬಿಳಿ ಓಢಣಿ ಇದೆ. ಮಗು ಬಂದ ಕೂಡಲೇ ಅದರಲ್ಲೇ ಸುತ್ತಬೇಕು. ತೊಳೆದಿದ್ದೇನೆ. ಅಂಚು ಹೊಲಿಯಬೇಕೆಂದು ಸೂಜಿ ಹಿಡಿದೆ, ಆಮೇಲೆ ಹಾಗೆಯೇ ಬಿಟ್ಟೆ. ಅದು ಹಾಗೆಯೇ ಬಂದದ್ದು.

ಮಗುವಿನ ಮುಖ ಮೊದಲು ನೋಡುವವಳು ನೀನೇ. ಸೂಲಗಿತ್ತಿ ನೋಡದೆ ಇನ್ನು ಯಾರು ನೋಡುತ್ತಾರೆ? ನನ್ನ ಹೊಟ್ಟೆ ಉರಿಯುತ್ತದೆ, ಉರಿಯಲಿ. ಎರಡನೆಯವಳು ನಾನಾಗಬೇಕು. ನಸೀರ್ ಕಾಯಲಿ. ಹೆರಿಗೆಯಾದ ಮೊದಲ ಮಂಗಳವಾರ ಫೋನ್ ಮಾಡಿ. ಹೆಣ್ಣಾದರೆ ಗೂಟದಿಂದ ಬಿಚ್ಚಿ ಒಳಗೆ ತರುತ್ತೇನೆ, ಬೀಬಿಯ ಪಾತ್ರೆಯ ಪಕ್ಕವೇ ಇಡುತ್ತೇನೆ, ಕಥೆ ಪೂರ್ತಿ ಹೇಳುತ್ತೇನೆ.

ಗಂಡಾದರೆ ಒಳಗೆ ಬರುವ ಹಾಗಿಲ್ಲ. ಅವನು ಚಪ್ಪಲಿಗಳ ಹತ್ತಿರವೇ ಇರಲಿ. ಆ ದಿನ ಕಥೆಯನ್ನು ನೀಲಾಬ್ ಹೇಳುತ್ತಾಳೆ. ನಾನು ಹೊರಗೆ ಬಂದು ಅವನ ಪಕ್ಕ ಕೂರುತ್ತೇನೆ.

ವಸೀಮಾ ಜಾನ್‌ಳ ಅಕ್ಕ,
ತಾಜ್‌ಬೀಬಿ